ನರಸಿಂಹರಾಜು ಓದಿ ಹೇಳಿದ ಒಟಿಪಿ

ನನ್ನ ಗೆಳೆಯ ನರಸಿಂಹರಾಜು ಕಳೆದ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ತುಮಕೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಹೃದಯಾಘಾತ. ಐವತ್ತೇಳು ವರ್ಷ. ಆಂಬುಲೆನ್ಸಿನಿಂದ ಇಳಿಸುವಾಗಲೇ ಪ್ರಜ್ಞೆ ಇರಲಿಲ್ಲ. ದಾರಿಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ಮಾತಾಡಿದ್ದರಿಂದ ಹೀಗಾಯಿತೇ ಎಂದು ವೈದ್ಯರನ್ನು ಕೇಳಿದೆ. ಅಲ್ಲ ಎಂದರು. ಮತ್ತೊಮ್ಮೆ ಕೇಳಿದೆ. ಮತ್ತೆ ಅದನ್ನೇ ಹೇಳಿದರು.

ರಾಜು ಶಿರಾ ತಾಲ್ಲೂಕಿನ ಗೌಡಗೆರೆಯವನು. ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ಶಿರಾದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರ ಹತ್ತಿರ ಕೆಲಸ ಕಲಿತ. ಅವರನ್ನು ಕೊನೆಯವರೆಗೂ ‘ಉಸ್ತಾದ್’ ಎಂದೇ ನೆನೆಯುತ್ತಿದ್ದ. ರೇಡಿಯೊ ಹೋಗಿ ಟಿವಿ ಬಂತು, ಆಮೇಲೆ ಮೊಬೈಲ್ ಬಂತು. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಅವನ ಅಂಗಡಿ ಮಾತ್ರ ಜಾಗ ಬದಲಿಸಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಡುತ್ತಿದ್ದ. ಆಗ ಯಾರಾದರೂ ಫ್ಯಾನ್ ಹಾಕಿದರೆ ಬೈಯುತ್ತಿದ್ದ.

ನಮ್ಮ ಕಡೆಯವರು ಹೊಸ ಆಫರ್ ಬಂದಾಗಲೆಲ್ಲ ಸಿಮ್ ಬದಲಿಸುತ್ತಾರೆ. ಹಾಗಾಗಿ ಯಾರಿಗೆ ಇಮೇಲ್ ಮಾಡಿಕೊಟ್ಟರೂ ರಾಜು ಅದಕ್ಕೆ ತನ್ನದೇ ಫೋನ್ ನಂಬರ್ ಹಾಕುತ್ತಿದ್ದ. ಪಾಸ್‌ವರ್ಡನ್ನು ಮಾತ್ರ ಅವರೇ ಇಟ್ಟುಕೊಳ್ಳಬೇಕು, ಇವನಿಗೆ ಹೇಳಕೂಡದು. ಅವರು ಅದನ್ನು ಮರೆತಾಗ ಒಟಿಪಿ ಇವನ ಫೋನಿಗೆ ಬರುತ್ತಿತ್ತು, ಇವನು ಓದಿ ಹೇಳುತ್ತಿದ್ದ. ನಾಲ್ಕು ತಾಲ್ಲೂಕಿನಲ್ಲಿ ಇಂಥವರು ಎಷ್ಟು ಜನರಿದ್ದರೋ ಅವನಿಗೂ ಗೊತ್ತಿರಲಿಲ್ಲ.

“ನಿನ್ನ ಫೋನ್ ಯಾರಾದ್ರೂ ಕದ್ರೆ?” ಎಂದು ಒಮ್ಮೆ ಕೇಳಿದ್ದೆ.

“ಅದ್ಕೇ ಎಲ್ರಿಗೂ ಯೋಳ್ಬುಟ್ಟಿವ್ನಿ ಕಣ್ಲಾ ಮೇಷ್ಟ್ರೆ. ನನ್ ನಂಬರಿಂದ್ಲೇ ಬರ್ಲಿ, ನನ್ ದನಿ ಅಲ್ದಿದ್ರೆ ಕಟ್ ಮಾಡ್ಬುಡಿ ಅಂತ.”

ಮಂಗಳವಾರ ಹನ್ನೊಂದೂವರೆಗೆ ನಾನು ಅವನ ಅಂಗಡಿಯಲ್ಲಿದ್ದೆ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲುವಿನಿಂದ ಮಂಜಮ್ಮ ಫೋನ್ ಮಾಡಿದಳು. ಅವಳು ಬಟ್ಟೆ ಹೊಲಿಯುವವಳು. ಬ್ಲೌಸಿನ ಡಿಸೈನ್ ನೋಡಲೆಂದು ಇವನಿಂದಲೇ ಟ್ಯಾಬ್ ಕೊಂಡಿದ್ದಳು. ಅವಳ ನಾಲ್ಕು ವರ್ಷದ ಮಗಳಿಗೆ ಹೃದಯದಲ್ಲಿ ರಂಧ್ರ. ಬೆಂಗಳೂರಿನ ಆಸ್ಪತ್ರೆಯೊಂದು ಎಂಟು ತಿಂಗಳು ಕಾಯಿಸಿ ಉಚಿತ ಆಪರೇಷನ್ನಿಗೆ ದಿನ ಕೊಟ್ಟಿತ್ತು. ಅಂದೇ ಮಧ್ಯಾಹ್ನ ಎರಡರೊಳಗೆ ಮೇಲ್‌ನಲ್ಲಿ ಒಪ್ಪಿಗೆ ಬರೆದು ಕಳಿಸದಿದ್ದರೆ ಆ ದಿನ ಬೇರೆ ಮಗುವಿಗೆ ಹೋಗುತ್ತದೆ.

“ಅಣ್ಣಾ, ರಾತ್ರಿ ಟ್ಯಾಬ್ ಅಪ್‌ಡೇಟ್ ಆಗೈತೆ. ಮೇಲ್ ಮುಟ್ಟಿದ್ರೆ ತೆರ್ಕೊಂಡು ಹಂಗೇ ಮುಚ್ಕಂತೈತೆ. ಆಸ್ಪತ್ರೆಗೆ ಹಚ್ಚಿ ಹಚ್ಚಿ ಸಾಕಾಯ್ತು, ಬರೀ ಎಂಗೇಜ್.”

“ಅಳಾದು ಆಮ್ಯಾಕೆ. ಆಫ್ ಮಾಡಿ ಆನ್ ಮಾಡು.”

ಮಾಡಿದಳು. ಮತ್ತೆ ಮುಚ್ಚಿಕೊಂಡಿತು.

“ಸೆಟ್ಟಿಂಗ್ಸ್‌ಗೋಗು. ಆಪ್ಸ್. ಅದ್ರಾಗೆ ಮೇಲ್ ಹುಡ್ಕು. ಸ್ಟೋರೇಜ್ ಅಂತೈತಾ? ಕ್ಲಿಯರ್ ಡೇಟಾ ಒತ್ತು.”

“ಒತ್ತಿದ್ರೆ ಇರೋ ಮೇಲ್ ಎಲ್ಲಾ ಅಳ್ಸೋಗಲ್ವಾ?”

“ಮೇಲ್ ನಿನ್ ಟ್ಯಾಬ್‌ನಾಗಿಲ್ಲ ಕಣಮ್ಮ, ಕಂಪ್ನಿಯೋರ ತಾವ ಐತೆ. ಒತ್ತು.”

ಅವಳು ಒತ್ತಲು ಹಿಂಜರಿದಳು. ಒತ್ತಿದಾಗ ಮೇಲ್ ತೆರೆದುಕೊಂಡಿತು, ಆದರೆ ಪಾಸ್‌ವರ್ಡ್ ಕೇಳಿತು. ಅವಳಿಗೆ ನೆನಪಿರಲಿಲ್ಲ. ಒಟಿಪಿ ತರಿಸಬೇಕೆಂದು ರಾಜು ಹೇಳುತ್ತಿದ್ದವನು ಮಾತು ನಿಲ್ಲಿಸಿ ಮೇಜು ಹಿಡಿದುಕೊಂಡ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. “ಗ್ಯಾಸು” ಎಂದ. ನಾನು ಕರೆ ಕಟ್ ಮಾಡಿ ಆಟೊ ಕರೆದೆ.

ಮಧುಗಿರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ತಕ್ಷಣ ತುಮಕೂರಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಹೊರಟಾಗ ಒಂದು ಗಂಟೆ ದಾಟಿತ್ತು. ಅವನ ಫೋನ್ ನನ್ನ ಕೈಯಲ್ಲಿತ್ತು; ಆಸ್ಪತ್ರೆಯ ಗಡಿಬಿಡಿಯಲ್ಲಿ ಮಂಜಮ್ಮನ ಕರೆಗಳನ್ನು ಎತ್ತಿರಲಿಲ್ಲ. ಬೆಟ್ಟದ ಸಾಲು ಕಳೆಯುವವರೆಗೆ ಸಿಗ್ನಲ್ ಇರಲಿಲ್ಲ. ಕೊರಟಗೆರೆ ಹತ್ತಿರ ಬಂದಾಗ ಒಟಿಪಿ ಬಂತು. ಬೆನ್ನಿಗೇ ಮಂಜಮ್ಮನ ಕರೆಯೂ ಬಂತು. ಸ್ಪೀಕರ್ ಹಾಕಿ ಎತ್ತಿದೆ.

“ಬರ್ಕೊಳಮ್ಮ, ಐದು, ಒಂದು—”

“ಯಾರ್ರೀ ನೀವು? ಅಣ್ಣನ ಫೋನ್ ನಿಮ್ ಕೈಗೆಂಗ್ ಬಂತು?”

“ನಾನು ಅವನ ಸ್ನೇಹಿತ.”

“ದೊಂಗ ನನ್ಮಗನೇ, ಟೋಪಿ ಹಾಕಕ್ಕೆ ನಾನೇ ಸಿಕ್ಕಿದ್ನಾ?”

ಕಟ್ ಮಾಡಿದಳು. ರಾಜುವಿಗೆ ಅದು ಕೇಳಿಸಿತ್ತು. ಮಾಸ್ಕಿನೊಳಗೇ ನಕ್ಕ, ಪ್ಲಾಸ್ಟಿಕ್ ಮಬ್ಬಾಯಿತು. ಅವಳು ಅವನು ಕಲಿಸಿದಂತೆಯೇ ಮಾಡಿದ್ದಳು. ನಾನು ಮೂರು ಸಲ ಹಚ್ಚಿದೆ, ಎತ್ತಲಿಲ್ಲ. ಬಂದಿದ್ದ ಒಟಿಪಿಯ ಅವಧಿ ಮುಗಿಯಿತು. ನಾಲ್ಕನೆಯ ಸಲ ಎತ್ತಿದಾಗ ಒಂದೂ ಮುಕ್ಕಾಲು.

“ಅಣ್ಣನ ದನಿ ಕೇಳ್ಸು. ಇಲ್ದಿದ್ರೆ ಪೊಲೀಸ್‌ಗೆ ಹೇಳ್ತೀನಿ.”

ರಾಜು ಮಾಸ್ಕನ್ನು ಗದ್ದದ ಕೆಳಗೆ ಎಳೆದುಕೊಂಡು ಕೈ ಚಾಚಿದ. ಪಕ್ಕದಲ್ಲಿ ಕೂತಿದ್ದ ನರ್ಸ್ “ತೆಗೀಬೇಡಿ ಸಾರ್” ಎಂದರು. “ಒಂದ್ ನಿಮ್ಸ ಸಾಮಿ” ಎಂದ. ನಾನು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದೆ.

“ಮಂಜಮ್ಮಾ, ನಾನೇ. ಇನ್ನೊಂದ್ ಸಲ ಒತ್ತು.”

“ಅಣ್ಣಾ! ಯಾಕ್ ದನಿ ಹಿಂಗೈತೆ? ಅದೇನ್ ಆಂಬುಲೆನ್ಸ್ ಸದ್ದು?”

“ಬಸ್ಸಾಗಿವ್ನಿ. ಪಕ್ದಾಗೆ ಓಯ್ತಾ ಐತೆ. ಒತ್ತು.”

ಹೊಸ ಒಟಿಪಿ ಬಂತು. ಫೋನನ್ನು ಅವನ ಕಣ್ಣ ಮುಂದೆ ಹಿಡಿದೆ. ಅವಳ ಊರಿನವರು ಎಣಿಸುವುದು ತೆಲುಗಿನಲ್ಲಿ. ಅವನೂ ತೆಲುಗಿನಲ್ಲೇ ಒಂದೊಂದಾಗಿ ಹೇಳಿದ: “ಆರು. ಮೂಡು. ಸುನ್ನ. ಎನಿಮಿದಿ. ಎನಿಮಿದಿ.” ಉಸಿರು ಎಳೆದುಕೊಂಡ. “ರೆಂಡು.”

ಅವಳು ಅಂಕಿಗಳನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ಒತ್ತಿದಳು, ಹೊಸ ಪಾಸ್‌ವರ್ಡ್ ಇಟ್ಟಳು. ಆಮೇಲೆ, “ತೆರ್ಕೊಂತಣ್ಣಾ!” ಎಂದಳು.

“ಒಪ್ಗೆ ಐತೆ ಅಂತ ಬರ್ದು ಕಳ್ಸು.”

ನರ್ಸ್ ಮಾಸ್ಕನ್ನು ಮೇಲೆ ಸರಿಸಲು ಬಂದರು. ಅವನು ಕೈಯಿಂದ ತಡೆದ. ಗಂಟೆ ಎರಡಾಗಲು ಆರು ನಿಮಿಷ ಇತ್ತು.

“ಹೋಯ್ತಣ್ಣಾ, ಕಳ್ಸಿದೆ.”

“ಓಯ್ತು ಅನ್ಬ್ಯಾಡ. ಸೆಂಟ್ ಅಂತಿರ್ತದಲ್ಲ, ಅದ್ರಾಗೆ ಐತಾ ನೋಡು.”

ಅವಳು ಹುಡುಕುವವರೆಗೂ ರಾಜು ಬಾಯಿ ತೆರೆದು ಉಸಿರಾಡುತ್ತ ಕಾದ. ಅವಳು “ಐತೆ” ಎಂದ ಮೇಲೆ ತಾನೇ ಮಾಸ್ಕನ್ನು ಮೇಲಕ್ಕೆಳೆದುಕೊಂಡ.