ವಿರೂಪಾಕ್ಷಪ್ಪ ವಕೀಲರ ಕಡೆಯ ಸಾಕ್ಷಿ

ಹಾವೇರಿಯ ವಿರೂಪಾಕ್ಷಪ್ಪ ವಕೀಲರಿಗೆ ಮರೆವು ಹತ್ತಿದೆ ಎಂಬ ಸುದ್ದಿ ಬ್ಯಾಡಗಿಗೆ ಬಂದಾಗ ತಾಜಬಿ ನಂಬಲಿಲ್ಲ. ನಂಬುವುದಾದರೂ ಹೇಗೆ? ಯಾರ ಹೊಲದ ಬದು ಎಲ್ಲಿ, ಯಾರ ಗೋಡೆ ಯಾರ ಕಡೆಗೆ ವಾಲಿದೆ, ಯಾರ ಅಜ್ಜ ಯಾರಿಗೆ ಏನು ಮಾತು ಕೊಟ್ಟಿದ್ದ ಎನ್ನುವುದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು ತಿರುಗಿದ ಮನುಷ್ಯ ಅವರು. ವಯಸ್ಸಾಗಿದೆ, ಒಂದೆರಡು ಹೆಸರು ಮರೆತಿರಬೇಕು ಅಂದುಕೊಂಡಳು. ಹಾಗೆ ಅಂದುಕೊಳ್ಳದೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಅವಳ ಮನೆ ಉಳಿಯುವುದೂ ಹೋಗುವುದೂ ಈಗ ಆ ಮುದುಕರ ನೆನಪಿನ ಮೇಲಿತ್ತು.

ಅದು ತೊಂಬತ್ಮೂರನೇ ಇಸವಿ. ಗುಡ್ಡಪ್ಪ ಸಾವಕಾರರ ಮೆಣಸಿನಕಾಯಿ ವಖಾರಿಯ ಹಿಂದೆ ತಾಜಬಿಯ ಎರಡು ಅಂಕಣದ ಮನೆ. ಅವಳ ಅಪ್ಪ ಮೌಲಾಸಾಬ ಆ ವಖಾರಿಯ ಕಾವಲುಗಾರನಾಗಿದ್ದ. ಬಹಳ ವರ್ಷಗಳ ಹಿಂದೆ ಒಂದು ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲದ ರಾಶಿ ಕುಸಿದು ಅದರಡಿ ಸತ್ತ. ತಾಜಬಿ ಆಗ ಪರಕಾರ ಉಡುವ ಹುಡುಗಿ. ಅವಳ ತಾಯಿ ಅಮೀರಬಿ ಮಗಳನ್ನು ಕಟ್ಟಿಕೊಂಡು ಹಾವೇರಿಗೆ ಹೋಗಿ ವಕೀಲರ ಪಡಸಾಲೆಯಲ್ಲಿ ಅತ್ತಳು. ವಕೀಲರು ಸಾವಕಾರರನ್ನು ಕರೆಸಿದರು. ಗುಡ್ಡಪ್ಪನವರು ಕೆಟ್ಟವರಲ್ಲ. "ವಖಾರಿ ಹಿಂದಿನ ಜಾಗಾ ಇಕೀಗೆ ಕೊಟ್ಟೇನ್ರಿ. ಇಕೀ ಮಕ್ಕಳು ಮರಿ ಅಲ್ಲೇ ಇರ್ಲಿ" ಅಂದರು. ಅಲ್ಲಿಗೆ ಮುಗಿಯಿತು.

ಹೇಗೆ ಮುಗಿಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಕಷ್ಟವೆಲ್ಲ ಹುಟ್ಟಿದ್ದು ಅಲ್ಲಿಯೇ. ವಕೀಲರ ಪಡಸಾಲೆಯಲ್ಲಿ ಒಂದು ದೊಡ್ಡ ಜಮಖಾನ ಇತ್ತು. ಜಗಳ ಆಡಿಕೊಂಡು ಬಂದವರು ಇಬ್ಬರೂ ಅದರ ಮೇಲೆ ಕೂಡಬೇಕು. ಮಾತು ಎಷ್ಟೇ ಏರಲಿ, ಒಪ್ಪಂದವಾದ ಮೇಲೆ ಇಬ್ಬರೂ ಎದ್ದು ಆಚೆ ಎರಡು ತುದಿ, ಈಚೆ ಎರಡು ತುದಿ ಹಿಡಿದು ಅದನ್ನು ಮಡಚಿ ಕೊಡಬೇಕು. ಮಡಚಿದರೆ ಮಾತು ಮುಗಿದಂತೆ. ಕಾಗದವಿಲ್ಲ, ಸಹಿ ಇಲ್ಲ. "ಬರಸ್ಕೊಂಡ್ರ ಅವನ ಮಾತಿನ ಮ್ಯಾಲೆ ನಮಗ ನಂಬಿಕಿ ಇಲ್ಲ ಅಂದ್ಹಂಗ ಆಗತೈತಿ" ಅನ್ನುತ್ತಿದ್ದರು. ಕೋರ್ಟಿನಲ್ಲಿ ಒಂದು ಅಲ್ಪವಿರಾಮಕ್ಕಾಗಿ ಅರ್ಧ ದಿನ ವಾದ ಮಾಡುವ ಮನುಷ್ಯ, ಮನೆಯಲ್ಲಿ ಹೀಗೆ! ಅಂಥ ಒಂದು ಹುಚ್ಚು. ಆದರೆ ಆ ಸೀಮೆಯ ಜನಕ್ಕೂ ಅದೇ ಹುಚ್ಚು ಹಿಡಿದಿತ್ತು. ವಕೀಲರ ಜಮಖಾನ ಮಡಚಿದವನು ಮಾತಿಗೆ ತಪ್ಪಿದ ಅಂದರೆ ಅವನ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ.

ಗಳಗನಾಥದ ಹೊಳೆಯಲ್ಲಿ ಹರಿಗೋಲು ಹಾಕುವ ಹಕ್ಕಿಗಾಗಿ ಎರಡು ಊರಿನವರು ಕೊಡಲಿ ಹಿಡಿದು ನಿಂತಾಗ ಇದೇ ಜಮಖಾನವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಮರಳಿನ ಮೇಲೆ ಹಾಸಿದ್ದರಂತೆ. ರಾಣೆಬೆನ್ನೂರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಜಾಗ ಬೇಕಾದಾಗ ಇಬ್ಬರು ಅಣ್ಣತಮ್ಮಂದಿರ ಜಗಳ ಹರಿಸಿ, ಇಬ್ಬರಿಂದಲೂ ಒಂದೊಂದು ತುಂಡು ಕೇಳಿ ಇಸಿದುಕೊಂಡರು. ಸಾಬರ ಓಣಿಗೆ ನಳ ಬರುವ ತನಕ ಪುರಸಭೆಯ ಬಾಗಿಲಲ್ಲಿ ಕೊಡ ಇಟ್ಟುಕೊಂಡು ಕೂತರು. ಕರಿ ಕೋಟು ಹಾಕಿಕೊಂಡು ಕೊಡದ ಪಕ್ಕ ಕೂತ ವಕೀಲರನ್ನು ನೋಡಿ ಊರೇ ನಕ್ಕಿತು. ನಕ್ಕವರ ಮನೆಗೂ ನೀರು ಬಂತು ಅನ್ನಿ.

ಅಮೀರಬಿ ಸತ್ತಳು, ಗುಡ್ಡಪ್ಪನವರೂ ಹೋದರು. ತಾಜಬಿಯ ಮದುವೆ ಆ ಮನೆಯಲ್ಲೇ ಆಯಿತು, ವೈಧವ್ಯವೂ ಅಲ್ಲೇ ಬಂತು. ಓಣಿಯ ಹೆಂಗಸರೊಂದಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಉರಿವ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಮಗಳು ಗುಲಾಬಬಿಯನ್ನು ದೊಡ್ಡವಳನ್ನಾಗಿ ಮಾಡಿದಳು. ಹಿಂದಿನ ಗಲ್ಲಿ ಅಗಲವಾಗಿ ರಸ್ತೆಯಾದದ್ದೇ ಸಾವಕಾರರ ಮಗ ಗೋಣೆಪ್ಪನಿಗೆ ಆ ಜಾಗದ ಮೇಲೆ ಕಣ್ಣು ಬಿತ್ತು. ಅಪ್ಪ ಇರಲಿಕ್ಕೆ ಬಿಟ್ಟಿದ್ದ, ಕೊಟ್ಟಿರಲಿಲ್ಲ ಎಂದು ಕೇಸು ಹಾಕಿದ. ಪುರಸಭೆಯ ಕಾಗದದಲ್ಲೆಲ್ಲ ವಖಾರಿ, ಹಿತ್ತಲು ಎಲ್ಲ ಒಂದೇ ಹೆಸರಿನಲ್ಲಿ, ಸಾವಕಾರರ ಹೆಸರಿನಲ್ಲಿ.

ತಾಜಬಿಯ ಪರವಾಗಿ ನಿಂತವನು ನಾಸೀರ, ರಾಣೆಬೆನ್ನೂರಿನ ಎಳೆಯ ವಕೀಲ. ಅವನು ತಿಳಿಸಿ ಹೇಳಿದ. "ಕೊಟ್ಟದ್ದು ಅಂತ ಸಾಬೀತಾದ್ರ ಇಷ್ಟು ವರ್ಷ ಅಲ್ಲೇ ಇದ್ದದ್ದಕ್ಕ ಜಾಗಾ ನಿಮ್ಮದಾಗತೈತಿ ಖಾಲಾ. ಇರಾಕ ಬಿಟ್ಟದ್ದು ಅಂದ್ರ ಅವರದು. ನೀವು ಆಗ ಸಣ್ಣಾಕಿ, ನಿಮ್ಮ ಮಾತು ನಡಿಯಾಂಗಿಲ್ಲ. ಕಣ್ಣಾರೆ ಕಂಡವರು ಈಗ ಒಬ್ಬರ ಉಳದಾರ."

ಆ ಒಬ್ಬರನ್ನು ಸಾಕ್ಷಿಗೆ ಕರೆದದ್ದು ಮಳೆಗಾಲದಲ್ಲಿ. ಆಗ ಅವರಿಗೆ ಎಲ್ಲ ನೆನಪಿತ್ತು. ಆದರೆ ಗೋಣೆಪ್ಪನ ಕಡೆಯವರು ಪ್ರತಿ ಸಲವೂ ಮುಂದಿನ ತಾರೀಖು ಕೇಳಿದರು. ಒಮ್ಮೆ ಜ್ವರ, ಒಮ್ಮೆ ಮದುವೆ, ಒಮ್ಮೆ ಕಾಗದ ಸಿಕ್ಕಿಲ್ಲ. ಒಂದೊಂದು ತಾರೀಖಿಗೂ ಹಾವೇರಿಯ ಮನೆಯಲ್ಲಿ ಮುದುಕರ ತಲೆಯಿಂದ ಒಂದಿಷ್ಟು ಸೋರಿಹೋಗುತ್ತಿತ್ತು. ಅದು ಗೋಣೆಪ್ಪನ ಕಡೆಯವರಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು, ಅವರ ಬಾಯಲ್ಲಿ ಮಣ್ಣು ಬೀಳಲಿ!

ಚಳಿಗಾಲ ಬಂದ ಮೇಲೆ ಕಡೆಗೊಂದು ದಿನ ಗಟ್ಟಿಯಾಯಿತು. ಇನ್ನು ಮುಂದೂಡುವುದಿಲ್ಲ ಎಂದು ನ್ಯಾಯಾಧೀಶರೇ ಹೇಳಿದ್ದರು. ತಾಜಬಿ ಮುಂಜಾನೆ ಮೊದಲ ಬಸ್ಸಿಗೆ ಹಾವೇರಿಗೆ ಬಂದಳು. ಬಾಗಿಲು ತೆರೆದವರು ವಕೀಲರ ಹೆಂಡತಿ ನೀಲಗಂಗವ್ವ.

"ಬಾ ತಾಜಬಿ. ಇವತ್ತ ಮುಂಜಾನಿಂದ ಚೊಲೋ ಅದಾರ" ಅಂದರು. ಆಮೇಲೆ ದನಿ ತಗ್ಗಿಸಿ, "ಅವತ್ತ ಒಂದ ಸಾಲು ಬರದಿದ್ರ ಇವರ ಗಂಟೇನ ಹೋಗತಿತ್ತು? ಹೇಳಿ ಹೇಳಿ ನನ್ನ ನಾಲಿಗಿ ಸವೀತು" ಎಂದು ಕಣ್ಣೊರೆಸಿಕೊಂಡರು.

ವಕೀಲರು ಒಳಗೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವಳನ್ನು ನೋಡಿದವರೇ, "ಮೌಲಾಸಾಬನ ಮಗಳಲ್ಲೇನು? ನಾಷ್ಟಾ ಆತೇನವಾ?" ಅಂದರು. ತಾಜಬಿಗೆ ಕುಣಿಯಬೇಕು ಅನ್ನಿಸಿತು. ಅಪ್ಪನ ಹೆಸರು ನೆನಪಿದ್ದರೆ ಎಲ್ಲ ನೆನಪಿದ್ದಂತೆಯೇ.

ನಾಸೀರ ಗೊತ್ತುಮಾಡಿದ್ದ ಬಾಡಿಗೆ ಕಾರಿನಲ್ಲಿ ಇಬ್ಬರೂ ಕೋರ್ಟಿಗೆ ಹೊರಟರು. ದಾರಿಯುದ್ದಕ್ಕೂ ವಕೀಲರು ಗಳಗನಾಥದ ಹೊಳೆಯ ಮಾತನ್ನೇ ಆಡಿದರು, ಹರಿಗೋಲಿನವರ ಹೆಸರು ಹಿಡಿದು ಹೇಳಿದರು. ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಂತರು. ಬಸಿಯಲ್ಲಿ ಚಹಾ ಹೊಯ್ದುಕೊಂಡು ಊದುತ್ತ ಅವರು ಅವಳ ಕಡೆ ತಿರುಗಿ, "ಸೋಮವ್ವಾ, ಅಪ್ಪ ಹೊಲಕ್ಕ ಹೋದನೇನು?" ಎಂದು ಕೇಳಿದರು.

ಸೋಮವ್ವ ಅವರ ತಂಗಿ. ತೀರಿಕೊಂಡು ಎಷ್ಟೋ ಕಾಲವಾಗಿತ್ತು. ತಾಜಬಿ ತನ್ನ ಚಹಾ ಅಲ್ಲೇ ಇಟ್ಟಳು. ಕಾರು ಮತ್ತೆ ಹೊರಟ ಮೇಲೆ ಅವಳು ನಾಚಿಕೆ ಬಿಟ್ಟು ಅವರ ಕಾಲು ಹಿಡಿದಳು.

"ಸಾಹೇಬ್ರ, ನಾ ತಾಜಬಿ. ಗುಡ್ಡಪ್ಪ ಸಾವಕಾರ್ರು ನಮ್ಮವ್ವಗ ಜಾಗಾ ಕೊಟ್ಟೇನಿ ಅಂದ್ರು. ನಿಮ್ಮ ಮುಂದ ಅಂದ್ರು. ಇಬ್ಬರೂ ಕೂಡಿ ಜಮಖಾನ ಮಡಚಿದ್ರು. ಕೋರ್ಟಿನ್ಯಾಗ ಕೇಳಿದಾಗ ಹೌದು ಅಂತ ಒಂದ ಮಾತು ಅನ್ರಿ. ಬ್ಯಾರೆ ಏನೂ ಬ್ಯಾಡ."

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. "ನೀ ಹೇಳಿದ್ದನ್ನ ನಾ ಹೇಳಿದ್ರ ಅದು ನಿನ್ನ ಸಾಕ್ಷಿ ಆಗತೈತಿ ತಂಗಿ, ನಂದಲ್ಲ" ಅಂದರು. ಎದುರಿಗಿದ್ದವಳು ಯಾರು ಅನ್ನುವುದು ಮರೆತಿತ್ತು, ಕಾಯಿದೆ ಮಾತ್ರ ಮರೆತಿರಲಿಲ್ಲ. ಇಂಥ ನೆನಪನ್ನು ಬೆಂಕಿಗೆ ಹಾಕಬೇಕು!

ಕೋರ್ಟಿನಲ್ಲಿ ಅವರು ಒಳಗೆ ಬಂದದ್ದೇ ವಕೀಲರೆಲ್ಲ ಎದ್ದು ನಿಂತರು. ಗೋಣೆಪ್ಪನ ವಕೀಲ ಅಬ್ದುಲಗನಿ ಒಂದು ಕಾಲಕ್ಕೆ ಇವರ ಕೈಕೆಳಗೇ ಕೆಲಸ ಕಲಿತವನು. ಅವನು ತಲೆಯೆತ್ತಿ ನೋಡಲಿಲ್ಲ. ನ್ಯಾಯಾಧೀಶರು ಕಟಕಟೆಯಲ್ಲೇ ಕುರ್ಚಿ ಹಾಕಿಸಿದರು. ಪ್ರಮಾಣದ ಮಾತು ಹೇಳುವಾಗ ಮುದುಕರ ದನಿ ಗಂಟೆಯ ಹಾಗಿತ್ತು.

ನಾಸೀರ ಮೆಲ್ಲಗೆ ಕೇಳಿದ. "ಗುಡ್ಡಪ್ಪನವರು ಅಮೀರಬಿಗೆ ಜಾಗಾ ಕೊಟ್ಟದ್ದು ನಿಮ್ಮ ಎದುರಿಗೇನ್ರಿ?"

ವಕೀಲರು ನಾಸೀರನನ್ನು ನೋಡಿದರು, ಗೋಣೆಪ್ಪನನ್ನು ನೋಡಿದರು, ಹಿಂದೆ ಗೋಡೆಗೆ ಆತು ನಿಂತ ತಾಜಬಿಯನ್ನೂ ನೋಡಿದರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೊಳಗೇ ಹೌದು ಅನ್ರಿ, ಹೌದು ಅನ್ರಿ ಎಂದು ಬೇಡುತ್ತಿದ್ದಳು. ನಾಸೀರ ಅದನ್ನೇ ಇನ್ನೊಂದು ಬಗೆಯಲ್ಲಿ ಕೇಳಿದ. ನ್ಯಾಯಾಧೀಶರಿಗೂ ತಡೆಯಲಾಗಲಿಲ್ಲವೇನೋ, ತಾವೇ ಮುಂದೆ ಬಾಗಿ, "ಹೌದೋ ಅಲ್ಲವೋ, ಅಷ್ಟು ಹೇಳಿದರೆ ಸಾಕು ಯಜಮಾನರೇ" ಅಂದರು. ಹೌದು ಅಂದಿದ್ದರೆ ಅಲ್ಲಿ ಯಾರೂ ತಿರುಗಿ ಕೇಳುತ್ತಿರಲಿಲ್ಲ. ಅಬ್ದುಲಗನಿ ಪಾಟೀ ಸವಾಲಿಗೆ ಏಳುವ ಹಾಗೆಯೇ ಇರಲಿಲ್ಲ.

ವಿರೂಪಾಕ್ಷಪ್ಪನವರು ಕೈ ಮುಗಿದರು. "ಇವರು ಹೇಳೂದು ಖರೇ ಇರಬಹುದ್ರಿ. ನನಗ ನೆನಪಿಲ್ಲ. ನೆನಪಿಲ್ಲದ್ದನ್ನ ಹೌದು ಅಂತ ಪ್ರಮಾಣ ಮಾಡಿ ಹೇಳಾಕ ಬರೂದಿಲ್ಲ."

ತಾಜಬಿಗೆ ಆ ಕ್ಷಣ ಅವರ ಮೇಲೆ ಹುಟ್ಟಿದ ಸಿಟ್ಟು ಗೋಣೆಪ್ಪನ ಮೇಲೂ ಹುಟ್ಟಿರಲಿಲ್ಲ. ಇಷ್ಟು ಜನರಿಗೆ ಬೇಕಾದವರು, ನನಗೊಬ್ಬಳಿಗೆ ಒಂದು ಸುಳ್ಳು ಆಗಲಿಲ್ಲವೇ? ಅದು ಸುಳ್ಳೂ ಅಲ್ಲವಲ್ಲ! ಅವಳು ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕುಸಿದಳು. ನಾಸೀರ ಬಂದು ಏನೇನೋ ಹೇಳಿದ, ಮೇಲಿನ ಕೋರ್ಟು ಅಂದ. ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಮನೆ ಹೋಯಿತು. ಗುಲಾಬಬಿಗೆ ಹೋಗಿ ಏನು ಹೇಳುವುದು, ಪಾತ್ರೆಪಗಡೆ ಎಲ್ಲಿಗೆ ಒಯ್ಯುವುದು, ಅವಳಿಗೆ ಒಂದೂ ಹೊಳೆಯಲಿಲ್ಲ.

ಅಷ್ಟರಲ್ಲಿ ವಕೀಲರು ಕಟಕಟೆ ಇಳಿದು, ಕೋಲು ಊರುತ್ತ ಅವಳ ಹತ್ತಿರವೇ ಬಂದರು. ಅಳುವ ಹೆಂಗಸನ್ನು ಕಂಡರೆ ದಾಟಿ ಹೋಗುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಬಗ್ಗಿ ನೋಡಿದರು. ಅವರ ಮುಖದಲ್ಲಿ ಗುರುತಿನ ಸುಳಿವೂ ಇರಲಿಲ್ಲ, ಕನಿಕರ ಮಾತ್ರ ತುಂಬಿತ್ತು.

"ಯಾಕವ್ವಾ, ಯಾ ಊರು? ನಿನ್ನ ಜಾಗಾ ಕಸಗೊಳ್ಳಾಕತ್ತಾರೇನು?"

ತಾಜಬಿ ಹೌದೆಂದು ತಲೆ ಆಡಿಸಿದಳು.

"ಅಳಬ್ಯಾಡ. ಹಾವೇರಿಗೆ ಬಾ. ವಿರೂಪಾಕ್ಷಪ್ಪ ವಕೀಲರ ಮನಿ ಯಾವುದು ಅಂತ ಯಾರನ್ನ ಕೇಳಿದ್ರೂ ತೋರಸ್ತಾರ. ಸಾಕ್ಷಿ ಇಲ್ಲಂತ ಅಂಜಬ್ಯಾಡ, ಸಾಕ್ಷಿ ನಾ ಹುಡಕತೇನಿ."

ಅವಳು ಅವರ ಮುಖ ನೋಡಿದಳು. ಆಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಕಾರಿನ ತನಕ ನಡೆಸಿಕೊಂಡು ಹೋಗಲು ಅವರ ಕೈ ಹಿಡಿದಳು.

"ಬರತೇನ್ರಿ ಸಾಹೇಬ್ರ" ಅಂದಳು.