ಇಪ್ಪತ್ತೈದು ನಿಮಿಷ ಬಾಯಿಗೆ ಬೀಗ

ಟೈಪಿಂಗ್ ಅಕ್ಕನ ಬೆರಳು ಚುರುಕು. ಬಾಯಿ ಅದಕ್ಕಿಂತ ಚುರುಕು. ಓದಿದ್ದು ಏಳನೇ ತರಗತಿ. ಟೈಪಿಂಗ್ ಕಲಿಸಿದ್ದು ಗಂಡ. ಅಂಗಡಿಯಲ್ಲಿ ಅವಳು ಟೈಪ್ ಮಾಡಿದರೆ ಅವನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬೈಂಡಿಂಗ್ ಮಾಡುತ್ತಿದ್ದ. ಗಿರಾಕಿಯ ಜೊತೆ ಅವಳ ಮಾತು ಉದ್ದವಾಯಿತೋ, ಎರಡು ಸಲ ಕೆಮ್ಮುತ್ತಿದ್ದ. "ಕೇಳಿಸ್ತು ರೀ" ಎಂದು ಸಿಡುಕಿ ಅವಳು ಕೀಬೋರ್ಡಿಗೆ ತಿರುಗುತ್ತಿದ್ದಳು.

ಅವನು ತೀರಿಹೋಗಿ ಎಂಟು ತಿಂಗಳು. ಈಗ ಕೆಮ್ಮುವವರಿಲ್ಲ. ಸುಮ್ಮನಿದ್ದರೆ ಖಾಲಿ ಸ್ಟೂಲು ಕಾಣುತ್ತದೆ. ಅದಕ್ಕೇ ಬಂದವರನ್ನೆಲ್ಲ ಬೆಂಚಿನ ಮೇಲೆ ಹಿಡಿದು ಕೂರಿಸಿ ಮಾತಾಡಿದಳು. ಶಾಲೆಯ ಪ್ರಶ್ನೆಪತ್ರಿಕೆ ಎರಡು ಸಲ ತಡವಾಯಿತು.

"ಇನ್ನೊಂದ್ಸಲ ಹೀಗಾದ್ರೆ ಕೆಲಸ ಬೇರೆ ಅಂಗಡಿಗೆ. ಬೇಜಾರು ಮಾಡ್ಕೋಬೇಡಿ" ಎಂದ ಶಾಲೆಯ ಗುಮಾಸ್ತ.

ಆ ಕೆಲಸ ಹೋದರೆ ಅಂಗಡಿಗೆ ಬಾಗಿಲು ಹಾಕುವುದೇ ಗತಿ.

ನಾದಿನಿ ಬಂದು ಕಂಪ್ಯೂಟರಿನಲ್ಲಿ ಒಂದು ಟೈಮರ್ ಹಾಕಿಕೊಟ್ಟಳು. ಇಪ್ಪತ್ತೈದು ಎಂದು ಒತ್ತಿ ಎಂಟರ್ ಹೊಡೆದರೆ ಪರದೆಯ ಮೂಲೆಯಲ್ಲಿ ನಿಮಿಷ ಇಳಿಯುತ್ತದೆ.

"ಬೆಲ್ ಆಗೋವರೆಗೂ ಬಾಯಿಗೆ ಬೀಗ, ಅತ್ತಿಗೆ. ಆಮೇಲೆ ಐದು ನಿಮಿಷ ಮಾತಾಡಿ."

"ಐದು ನಿಮಿಷದಲ್ಲಿ ನಂಗೆ ನಮಸ್ಕಾರ ಹೇಳಿ ಮುಗಿಯಲ್ಲ ಕಣೇ!"

ಮೊದಲ ದಿನ ಟೈಮರ್ ಓಡುವಷ್ಟು ಹೊತ್ತೂ ಹಾಲಿನವನ ಜೊತೆ ಹರಟಿ, ಬೆಲ್ ಆದ ಮೇಲೆ ಕೆಲಸಕ್ಕೆ ಕೂತಳು. ಎಲ್ಲ ತಿರುಗಾಮುರುಗಾ.

ಮೂರನೇ ಸಲದ ಪ್ರಶ್ನೆಪತ್ರಿಕೆ ಬಂತು. ಸಂಜೆ ನಾಲ್ಕಕ್ಕೆ ಕೊಡಬೇಕು. ಎರಡು ಗಂಟೆಗೆ ಪಕ್ಕದ ಅಂಗಡಿಯ ಟೈಲರಮ್ಮ ಅಂಗಿಗಳ ಗಂಟು ಹೊತ್ತು ಬಂದಳು.

"ಅಕ್ಕಾ, ವಿಷ್ಯ ಗೊತ್ತಾಯ್ತಾ? ಮಹಡಿ ಮನೆಯವಳು..."

ಅಕ್ಕ ತುಟಿಗೆ ಬೆರಳಿಟ್ಟು ಪರದೆ ತೋರಿಸಿದಳು. ಹದಿನೆಂಟು ನಿಮಿಷ ಬಾಕಿ.

"ಅಯ್ಯೋ, ಅಷ್ಟೊತ್ತು ಹೊಟ್ಟೇಲಿ ಇಟ್ಕೊಂಡ್ರೆ ಒಡೆದೇ ಹೋಗ್ತೀನಿ!"

ಆದರೂ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. ಎಂಟು ತಿಂಗಳಿಂದ ಅಕ್ಕ ಅದರ ಮೇಲೆ ಯಾರನ್ನೂ ಕೂರಿಸಿರಲಿಲ್ಲ. ಮೇಲೇಳು ಎನ್ನಲು ಬಾಯಿ ತೆರೆದಳು. ಬೀಗ ನೆನಪಾಯಿತು. ಟೈಲರಮ್ಮ ತಲೆ ತಗ್ಗಿಸಿ ಅಂಗಿಗೆ ಗುಂಡಿ ಹಾಕತೊಡಗಿದ್ದಳು. ಅಕ್ಕ ಟೈಪ್ ಮಾಡಿದಳು.

ಬೆಲ್ ಆಯಿತು.

"ಈಗ ಹೇಳ್ಲಾ?"

"ಇನ್ನೊಂದು ಇಪ್ಪತ್ತೈದು."

"ನೀವು ಮನುಷ್ಯರಾ ಅಕ್ಕ?" ಎಂದು ಟೈಲರಮ್ಮ ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಬೆಲ್ ಆದಾಗಲೆಲ್ಲ ಅಕ್ಕ ಮತ್ತೆ ಇಪ್ಪತ್ತೈದು ಒತ್ತಿದಳು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಹಾಳೆ ಪ್ರಿಂಟರಿನಿಂದ ಹೊರಬಿತ್ತು. ಅತ್ತ ಆರು ಅಂಗಿಗೆ ಗುಂಡಿ ಬಿದ್ದಿತ್ತು. ಗುಮಾಸ್ತ ಬಂದು ಬಿಸಿ ಹಾಳೆ ಮುಟ್ಟಿ ನೋಡಿದ.

"ಏನಕ್ಕಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ಆಯ್ತು, ಮುಂದಿನ ಪರೀಕ್ಷೆದೂ ನಿಮಗೇ."

ಅಕ್ಕ ಐದು ಒತ್ತಿದಳು. ಮಹಡಿ ಮನೆಯವಳ ಕಥೆ ಶುರುವಾಯಿತು. ಗುಮಾಸ್ತನೂ ಕಿವಿ ಕೊಟ್ಟ. ಕಥೆ ಮೆಟ್ಟಿಲ ತನಕ ಬಂದಿತ್ತಷ್ಟೇ, ಬೆಲ್ ಆಯಿತು.

"ಕೇಳಿಸ್ತು ರೀ" ಎಂದುಬಿಟ್ಟಳು ಅಕ್ಕ.

"ನಾನೇನೂ ಹೇಳ್ಲಿಲ್ವಲ್ಲ?" ಎಂದ ಗುಮಾಸ್ತ.

ಅಕ್ಕ ಕಣ್ಣೊರೆಸಿಕೊಂಡಳು. ನಕ್ಕಳು. ಗಂಟು ಕಟ್ಟಿಕೊಂಡು ಎದ್ದ ಟೈಲರಮ್ಮನಿಗೆ ಹೇಳಿದಳು:

"ನಾಳೆನೂ ಆ ಸ್ಟೂಲಿನ ಮೇಲೇ ಕೂತ್ಕೋ ಬಾ. ಬಾಯಿ ಮುಚ್ಕೊಂಡು."