ಗಾಜಮ್ಮನಿಗೆ ಬೇಕಿದ್ದ ಮುದ್ರೆ

ನಮ್ಮಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಪ್ಪತ್ತಾರು ವರ್ಷದಿಂದ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಾಳೆ. ಗಾಜು ಕೊಯ್ಯುವಾಗ ಯಾರಾದರೂ ಮಾತಾಡಿಸಿದರೆ ತಲೆ ಎತ್ತದೆಯೇ ಬೈಯುತ್ತಾಳೆ. ಬೀದಿಯವರು ಅವಳನ್ನು ಗಾಜಮ್ಮ ಎನ್ನುತ್ತಾರೆ, ಅವಳ ಎದುರಿಗಲ್ಲ. ಆ ಸಿಟ್ಟು ನನಗೂ ಬಂದಿದೆ. ಈ ಕತೆಯಲ್ಲಿ ನಾವಿಬ್ಬರೂ ಕೂಗಾಡುತ್ತೇವೆ, ಮೊದಲೇ ಹೇಳಿಬಿಡುತ್ತೇನೆ.

ಅಂಗಡಿಗೆ ಬರುವುದರಲ್ಲಿ ಅರ್ಧಕ್ಕರ್ಧ ಪದವಿ ಪತ್ರಗಳು. ಅಮ್ಮ ಓದಿದ್ದು ಏಳನೇ ತರಗತಿ. ಆದರೆ ಯಾವ ವಿಶ್ವವಿದ್ಯಾಲಯ ಎಂಥದ್ದು ಎಂದು ಕಾಗದ ಮುಟ್ಟಿ ಹೇಳುತ್ತಿದ್ದಳು. ಇದು ತೆಳು, ಎರಡು ವರ್ಷಕ್ಕೆ ಹಳದಿ. ಇದರ ಶಾಯಿಗೆ ಒದ್ದೆ ಬೆರಳು ತಾಗಿದರೆ ಮುಗಿಯಿತು. ಅವಳ ಪರೀಕ್ಷೆಯಲ್ಲಿ ಪಾಸಾಗಿದ್ದು ಒಂದೇ ಒಂದು. ಒಂದು ಹಗಲಿನ ರೈಲು ದಾರಿಯಲ್ಲಿರುವ, ಎಲ್ಲರೂ ಹೆಸರು ಕೇಳಿರುವ ದೊಡ್ಡ ವಿಶ್ವವಿದ್ಯಾಲಯ. ಕೆನೆಬಣ್ಣದ ದಪ್ಪ ಕಾಗದ, ಕೆಳಗೆ ಅಂಗೈಯಗಲದ ಬಂಗಾರದ ಮುದ್ರೆ. ಅದನ್ನು ಹಿಡಿದು ಯಾರಾದರೂ ಬಂದರೆ ಅಮ್ಮ ಎದ್ದುಹೋಗಿ ಕೈ ತೊಳೆದುಕೊಂಡು ಬರುತ್ತಿದ್ದಳು. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ನನಗೆ ಮೂರು ಕಡೆ ಸೀಟು ಸಿಕ್ಕಿತು. ಒಂದು ಆ ಬಂಗಾರದ ಮುದ್ರೆಯವರದು, ಆಡಳಿತ ಶಾಸ್ತ್ರ. ಇನ್ನೊಂದು ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದದ್ದು. ನಿವೃತ್ತ ಮೇಷ್ಟ್ರಾದ ಸೋದರಮಾವನಿಗೆ ಇದೇ ಇಷ್ಟ. ಮೂರನೆಯದು ಯಾರೂ ಹೆಸರು ಕೇಳದ ಒಂದು ಸಣ್ಣ ವಿಶ್ವವಿದ್ಯಾಲಯ. ತೆಳು ಕಾಗದ, ನೀಲಿ ರಬ್ಬರ್ ಮುದ್ರೆ, ವಿಷಯ ಗಾಜಿನ ತಂತ್ರಜ್ಞಾನ. ನನಗೆ ಬೇಕಿದ್ದದ್ದು ಅದು. ವಜ್ರದ ಮೊನೆಯಿಂದ ಒಂದು ಗೀರೆಳೆದು ಮೆಲ್ಲಗೆ ತಟ್ಟಿದರೆ, ಗಾಜು ಅದೇ ಗೀರಿನುದ್ದಕ್ಕೂ ಏಕೆ ಬಿಡುತ್ತದೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ.

ಪತ್ರಗಳು ಬಂದ ಮೂರನೇ ದಿನ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಆ ದೊಡ್ಡ ವಿಶ್ವವಿದ್ಯಾಲಯದ ಪತ್ರ ತೇಗದ ಕಟ್ಟಿನೊಳಗೆ ಕೂತಿತ್ತು. ಗೋಂದು ಹಚ್ಚಿ ರಟ್ಟಿಗೆ ಅಂಟಿಸಿಯೇಬಿಟ್ಟಿದ್ದಳು.

"ಅಮ್ಮಾ, ಇದು ಡಿಗ್ರಿ ಅಲ್ಲ! ಬರ್ತೀಯಾ ಅಂತ ಕೇಳಿರೋ ಕಾಗದ. ಇದಕ್ಕೆ ಯಾರಾದ್ರೂ ಕಟ್ಟು ಹಾಕ್ತಾರಾ?"

"ಬರ್ತಾಳೆ ಅಂತ ನಾನು ಹೇಳಾಯ್ತು," ಎಂದಳು, ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ.

ಸ್ಟೂಲಿನ ಮೇಲೆ ಕೂತಿದ್ದ ಮಾವ ಬಾಯಿ ಹಾಕಿದರು. "ಗಾಜಿನ ಬಗ್ಗೆ ಓದೋಕೆ ನಾಲ್ಕು ವರ್ಷ ಬೇಕೇನಮ್ಮಾ? ಒಡೆದ್ರೆ ಒಡೆಯುತ್ತೆ, ಇಲ್ದಿದ್ರೆ ಇಲ್ಲ. ಅದ್ರಲ್ಲಿ ಓದೋಕೇನಿದೆ?"

"ನೀವು ಸುಮ್ನಿರಿ ಮಾವ!"

"ಅವನ ಮೇಲ್ಯಾಕೆ ಕೂಗ್ತೀಯಾ? ಇಲ್ಲಿ ನೋಡು." ಅಮ್ಮ ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು. ಬೆರಳುಗಳ ತುಂಬ ಬಿಳಿ ಗಾಯದ ಗೆರೆಗಳು. "ಈ ಗಾಜಿಂದ ನಿನ್ನ ಆಚೆ ಕಳಿಸ್ಬೇಕು ಅಂತ ಇಷ್ಟು ವರ್ಷ ಕುಯ್ಸಿಕೊಂಡೆ. ತಿರುಗಿ ಅದರಲ್ಲೇ ಬೀಳ್ತೀನಿ ಅಂದ್ರೆ ನನ್ನ ಸಹಿ ಸಿಗಲ್ಲ."

ಸಹಿ ಬೇಕೇ ಬೇಕಿತ್ತು. ಆ ಸಣ್ಣ ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರದಲ್ಲಿ ತಂದೆ ಅಥವಾ ತಾಯಿಯ ಸಹಿ ಹಾಕಿಸಿ, ಶುಕ್ರವಾರ ಸಂಜೆ ಐದರೊಳಗೆ ಸ್ಕ್ಯಾನ್ ಮಾಡಿ ಕಳಿಸಬೇಕು. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಎರಡು ದಿನ ನಾವು ಮಾತು ಬಿಟ್ಟೆವು. ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ಶುಕ್ರವಾರ ಮೂರೂವರೆಗೆ ಪತ್ರ ಹಿಡಿದು ಅಂಗಡಿಗೆ ಹೋದೆ. ಗಿರಾಕಿಗಳಿರಲಿಲ್ಲ.

"ಸಹಿ ಹಾಕು."

"ಹಾಕಲ್ಲ."

ನನಗೆ ತಲೆ ಕೆಟ್ಟುಹೋಯಿತು. ಏಣಿ ಎಳೆದು ಅಟ್ಟ ಹತ್ತಿದೆ. ಕಟ್ಟು ಹಾಕಲು ಕೊಟ್ಟು, ತಿರುಗಿಯೂ ನೋಡದವರ ಪದವಿ ಪತ್ರಗಳು ಅಲ್ಲಿದ್ದವು. ಹನ್ನೊಂದನ್ನೂ ಕೆಳಗಿಳಿಸಿ, ಲಂಗದಲ್ಲೇ ಧೂಳು ಒರೆಸಿ ಮೇಜಿನ ಮೇಲೆ ಸಾಲಾಗಿಟ್ಟೆ. ಏಳರಲ್ಲಿ ಬಂಗಾರದ ಮುದ್ರೆ.

"ನೋಡು, ಕಣ್ಣು ಬಿಟ್ಟು ನೋಡು! ನೀನು ಕೈ ತೊಳ್ಕೊಂಡು ಮುಟ್ಟೋ ಕಾಗದ. ಬಂದು ತಗೊಂಡು ಹೋಗೋಕೂ ಇವರಿಗೆ ಪುರುಸೊತ್ತಿಲ್ಲ. ಅವರಿಗೇ ಬೇಡದ್ದು ನಿನಗ್ಯಾಕೆ?"

ಅಮ್ಮ ಕೂಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಸಾಲಿನಿಂದ ಒಂದನ್ನು ಎತ್ತಿಕೊಂಡಳು. ನಾನು ಒರೆಸುವ ಮೊದಲೇ ಅದೊಂದರ ಮೇಲೆ ಮಾತ್ರ ಧೂಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಇವಳು ಬಂದಾಗ ನಿನಗೆ ಒಂಬತ್ತು ವರ್ಷ. ಆ ಮೂಲೇಲಿ ಕೂತು ಲೆಕ್ಕ ಮಾಡ್ತಿದ್ದೆ. ಕಾಗದ ಕೊಟ್ಟು ಏನಂದ್ಲು ಗೊತ್ತಾ? 'ನಿಮಗೆ ಓದೋಕೆ ಬರಲ್ಲ ಅಲ್ವಾ? ಮುದ್ರೆ ಕೆಳಗೆ ಬರ್ಬೇಕು, ನೆನಪಿಟ್ಕೊಳ್ಳಿ. ತಲೆಕೆಳಗಾಗಿ ಹಾಕಿಬಿಟ್ಟೀರಾ.' ನೀನು ತಲೆ ಎತ್ತಿ ನನ್ನ ಮುಖ ನೋಡ್ದೆ."

ನನಗೆ ಅದು ನೆನಪೇ ಇಲ್ಲ.

"ನೀನೇನಂದೆ?"

"ಸರಿ ಮೇಡಂ ಅಂದೆ."

ಬೀದಿಯನ್ನೆಲ್ಲ ಬೈದು ಆಳುವ ನಮ್ಮಮ್ಮ ಸರಿ ಮೇಡಂ ಎಂದಿದ್ದಳು. ನಾನು ನೋಡುತ್ತಿದ್ದೆನಲ್ಲ, ಅದಕ್ಕೇ ಬಾಯಿ ಕಟ್ಟಿತಂತೆ. ಆ ಕಟ್ಟನ್ನು ಕಿತ್ತುಕೊಂಡು ನೆಲಕ್ಕೆ ಬಡಿಯಲು ಎತ್ತಿದೆ. ಅಮ್ಮ ಮಣಿಕಟ್ಟು ಹಿಡಿದಳು.

"ಕೆಳಗಿಡು. ಗಾಜು ನನ್ನದು."

"ಹಾಗಾದ್ರೆ ಅಲ್ಲಿಗೇ ಹೋಗ್ತೀನಿ! ಅದೇ ಮುದ್ರೆ ತಂದು ಅವಳ ಮುಖಕ್ಕೆ ಹಿಡೀತೀನಿ!" ನಿಜವಾಗಿಯೂ ಹೋಗುವವಳಿದ್ದೆ. ಗಾಜು, ಗೀರು ಎಲ್ಲ ಮರೆತೇಹೋಗಿತ್ತು.

"ಎಲ್ಲಿ ಹುಡುಕ್ತೀಯಾ ಅವಳನ್ನ? ಆಡಿದ ಮಾತು ಅವಳಿಗೆ ನೆನಪೂ ಇರಲ್ಲ. ಒಂಬತ್ತು ವರ್ಷ ನಾನು ಹೊತ್ತಿದ್ದು ಸಾಲ್ದೇನೇ, ನೀನು ಬೇರೆ ನಾಲ್ಕು ವರ್ಷ ಹೊರ್ಬೇಕಾ? ಕೊಡು ಇಲ್ಲಿ ಆ ದರಿದ್ರ ಕಾಗದಾನ."

ಸಹಿ ಹಾಕುವ ಮೊದಲು ಒಪ್ಪಿಗೆ ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಗಟ್ಟಿಯಾಗಿ, ಒಂದಕ್ಷರ ಬಿಡದೆ, ನನ್ನನ್ನು ನಿಲ್ಲಿಸಿಕೊಂಡು. ಗೋಡೆಯ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು. ಆಮೇಲೆ ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿದಳು.

"ಬಾಯಿ ಬಿಟ್ಕೊಂಡು ಏನು ನೋಡ್ತೀಯಾ? ಓಡು!"

ಎದುರಿನ ಜೆರಾಕ್ಸ್ ಅಂಗಡಿಗೆ ಓಡಿದೆ. ಐದಕ್ಕೆ ನಾಲ್ಕು ನಿಮಿಷವಿರುವಾಗ ಪತ್ರ ಹೋಯಿತು.

ನಾಲ್ಕು ವರ್ಷದ ಮೇಲೆ ನನ್ನ ಪದವಿ ಪತ್ರ ಬಂತು. ಅಮ್ಮ ಹೆಬ್ಬೆರಳಿನಿಂದ ಸವರಿ, "ಎರಡು ವರ್ಷಕ್ಕೆ ಹಳದಿ," ಎಂದು ಮೂಗು ಮುರಿದಳು. ಗೋಡೆಯ ತೇಗದ ಕಟ್ಟಿನಿಂದ ಹಳೆಯ ಪತ್ರವನ್ನು ಕೆರೆದು ತೆಗೆದು, ಆ ಜಾಗದಲ್ಲಿ ಇದನ್ನು ಕೂರಿಸಿದಳು. ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದಾಳೆ, ತಲೆಕೆಳಗಾಗಿ. ನೀಲಿ ಮುದ್ರೆ ಮೇಲೆ, ನನ್ನ ಹೆಸರು ಬುಡಮೇಲು. ನಾನು ಎಷ್ಟು ಕೂಗಿದರೂ ಸರಿಮಾಡಲಿಲ್ಲ.

ಇವತ್ತಿಗೂ ಹಾಗೇ ಇದೆ. ದಿನಕ್ಕೊಬ್ಬರಾದರೂ ಓದಿದವರು ಬಂದು, "ಏನಮ್ಮಾ, ಅದು ತಲೆಕೆಳಗಾಗಿದೆ, ಗೊತ್ತಾಗ್ಲಿಲ್ವಾ?" ಎನ್ನುತ್ತಾರೆ. ಅಮ್ಮ ಕೊಯ್ಯುತ್ತಿರುವ ಗಾಜನ್ನು ಪಕ್ಕಕ್ಕಿಟ್ಟು ತಲೆ ಎತ್ತುತ್ತಾಳೆ.

"ಗೊತ್ತು. ನನ್ನ ಮಗಳದ್ದು. ನಂಗೆ ಹಾಗೂ ಓದೋಕೆ ಬರುತ್ತೆ."

ಆಮೇಲೆ ಬುಡಮೇಲಾದ ಆ ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾಳೆ. ಮುಗಿಯುವ ತನಕ ಗಿರಾಕಿ ನಿಂತಿರಬೇಕು.